ಕಸ್ತೂರವ್ವ ಫೋಟೋ ತೆಗೆಸಲಿಲ್ಲ ಯಾಕೆ?

ಎಂಟು ದೇಶ... ಹನ್ನೆರಡು ದಿನ... ಕೈಯಲ್ಲಿದ್ದ ದುಡ್ಡು ಮಾತ್ರ ಇಬ್ಬರಿಗೆ ಸಾಲದು!

ಹುಬ್ಬಳ್ಳಿಯ ಗುರುಸಿದ್ದಪ್ಪನವರ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಅವರು ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದವರು. ಮೂವತ್ತನಾಲ್ಕು ವರ್ಷ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಊರೂರು ಸುತ್ತಿದವರು.

ರಿಟೈರ್ ಆದ ಮೇಲೆ ಒಂದೇ ಆಸೆ... ಒಮ್ಮೆಯಾದರೂ ಹೆಂಡತಿಯ ಜೊತೆ ಯುರೋಪ್ ನೋಡಬೇಕು.

ಮಗಳ ಮದುವೆ, ಮನೆ ರಿಪೇರಿ ಎಲ್ಲ ಮುಗಿದು ಉಳಿದದ್ದು ಸ್ವಲ್ಪವೇ. ಅಷ್ಟರಲ್ಲೇ ಆಗಬೇಕು.

ಸುದ್ದಿ ಹಬ್ಬಿದ್ದೇ ತಡ, ಸಲಹೆಗಳ ಸುರಿಮಳೆ...

“ಪ್ಯಾರಿಸ್ ನೋಡಲಿಲ್ಲಂದ್ರ ಯುರೋಪ್ ನೋಡಿದಂಗ ಅಲ್ರಿ” ಅಂದರು ಪಕ್ಕದ ಮನೆಯ ಕುಲಕರ್ಣಿ ಮಾಸ್ತರು.

“ಅಪ್ಪಾ, ಸ್ವಿಟ್ಜರ್ಲೆಂಡ್ ಮಾತ್ರ ಬಿಡಬ್ಯಾಡ” ಅಂದಳು ಮಗಳು ಫೋನಿನಲ್ಲಿ.

ಯೂಟ್ಯೂಬಿನಲ್ಲಿ ಒಬ್ಬ, ಅಗ್ಗದ ವಿಮಾನ ಹಿಡಿಯಿರಿ ಅಂದ. ಇನ್ನೊಬ್ಬ, ಟಿಕೆಟ್ ಅಗ್ಗ ಆದರೆ ಬ್ಯಾಗಿಗೆ ಬೇರೆ ದುಡ್ಡು ಕೀಳುತ್ತಾರೆ ಅಂದ. ಮೂರನೆಯವನು ರೈಲ್ ಪಾಸ್ ತಗೊಳ್ಳಿ ಅಂದ. ನಾಲ್ಕನೆಯವನು, ಪಾಸ್ ಇದ್ದರೂ ಸೀಟಿಗೆ ಮತ್ತೆ ಕಟ್ಟಬೇಕು ಅಂದ...

ರೈಲಿನಲ್ಲೇ ಆಯುಷ್ಯ ಕಳೆದ ಮನುಷ್ಯನಿಗೆ ರೈಲಿನ ಟೈಮ್ ಟೇಬಲ್ಲೇ ಅರ್ಥವಾಗದೆ ಹೋಯಿತು!

ರೋಮ್ ಬರೆದರೆ ವೆನಿಸ್ ಬಿಟ್ಟುಹೋಗುತ್ತದೆ. ವೆನಿಸ್ ಸೇರಿಸಿದರೆ ಹೋಟೆಲ್ಲಿಗೆ ಸಾಲದು. ಬರೆಯುವುದು, ಅಳಿಸುವುದು... ನೋಟ್‌ಬುಕ್ಕಿನ ಹಾಳೆಗಳೇ ಹರಿದುಹೋದವು.

ಪ್ರತಿ ಸಲ ಹೊಸ ಪ್ಲ್ಯಾನನ್ನು ಹೆಂಡತಿ ಕಸ್ತೂರವ್ವನಿಗೆ ಓದಿ ಹೇಳುವರು. “ಹ್ಯಾಂಗೈತಿ?”

“ನೀವು ಹೇಳಿದಂಗ್ರಿ” ಅನ್ನುವರು ಆಕೆ, ಅವರೆಕಾಯಿ ಸುಲಿಯುತ್ತ.

ಆದರೆ ಒಂದು ವಿಷಯ ಅವರಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ...

ವೀಸಾಕ್ಕೆ ಫೋಟೋ ತೆಗೆಸೋಣ ಬಾ ಅಂದರೆ ಕಸ್ತೂರವ್ವ ಬರಲೊಲ್ಲರು! ಒಂದು ದಿನ ತಲೆನೋವು, ಒಂದು ದಿನ ಅಮಾವಾಸ್ಯೆ, ಇನ್ನೊಂದು ದಿನ ಸೀರೆಗೆ ಇಸ್ತ್ರಿ ಆಗಿಲ್ಲ...

“ನಿನಗ ಬರೂ ಮನಸ್ಸ ಇಲ್ಲೇನ?” ಎಂದು ರೇಗಿಯೂ ಬಿಟ್ಟರು. ಆಕೆ ಎದ್ದು ಅಡುಗೆಮನೆಗೆ ಹೋದರು.

ಕೊನೆಗೆ, ಮೊದಲೇ ಫೋನಿನಲ್ಲಿ ವಿಚಾರಿಸಿದ್ದ ಟ್ರಾವೆಲ್ ಆಫೀಸಿಗೆ ಅವರೊಬ್ಬರೇ ಹೋದರು. ಅಲ್ಲಿ ಕೂತಿದ್ದ ರೇಷ್ಮಾ ಎಂಬ ಹುಡುಗಿ ಲಿಸ್ಟ್ ನೋಡಿ ಕೇಳಿದಳು...

“ಸರ್, ಹೆಚ್ಚು ದಿನ ಎಲ್ಲಿ ಇರ್ತೀರೋ ಆ ದೇಶಕ್ಕ ವೀಸಾ ಅರ್ಜಿ ಹಾಕಬೇಕ್ರಿ. ಯಾವುದು ಬರೀಲಿ?”

“ಎಲ್ಲಾ ಕಡೆ ಒಂದೂವರಿ ದಿನಾನ ಐತಲ್ಲವಾ...”

ಆಕೆ ನಕ್ಕಳು. “ಇರ್ಲಿ ಬಿಡ್ರಿ, ನೋಡೂಣು. ನೀವೊಬ್ರ ಹೊಂಟೀರಲ್ಲ, ದುಡ್ಡು ಎಂಟೂ ದೇಶಕ್ಕ ಸಾಕಾಗ್ತದ.”

“ಒಬ್ರ? ಯಾರ್ ಹೇಳಿದ್ರು?”

“ಮೊನ್ನೆ ನಿಮ್ಮ ಮನಿಯವ್ರು ಫೋನ್ ಮಾಡಿದ್ರಲ್ರಿ! ಒಬ್ರ ಹೋದ್ರ ಎಲ್ಲಾ ದೇಶ ಆಗ್ತಾವೇನು ಅಂತ ಕೇಳಿದ್ರು. ಆಗ್ತಾವ ಅಂದೆ. ‘ಹಂಗಾರ ಒಬ್ರದ್ದ ಮಾಡವಾ, ಅವರಿಗೆ ನಾ ಹೇಳ್ತೀನಿ’ ಅಂದ್ರು. ಹೇಳಿಲ್ಲೇನ್ರಿ?”

ಗುರುಸಿದ್ದಪ್ಪನವರಿಗೆ ದಿಕ್ಕೇ ತೋಚಲಿಲ್ಲ. ಮನೆಗೆ ಹೇಗೆ ಬಂದರೋ ಅವರಿಗೇ ಗೊತ್ತಿಲ್ಲ.

“ಯಾಕ ಹಿಂಗ ಮಾಡ್ದಿ ಕಸ್ತೂರಿ?”

ಆಕೆ ತಲೆ ಎತ್ತಲಿಲ್ಲ.

“ನೀವು ಒಂದೊಂದು ಊರು ಅಳಿಸುವಾಗ ನಿಮ್ಮ ಮಾರಿ ನೋಡಾಕ ಆಗ್ತಿದ್ದಿಲ್ರಿ... ಮೂವತ್ನಾಕ್ ವರ್ಷ ನಿಮ್ಮನ್ನ ಡ್ಯೂಟಿಗಿ ಕಳಿಸಿ ನನಗ ರೂಢಿ ಆಗೇತಿ. ಇದೂ ಒಂದು ಡ್ಯೂಟಿ ಅಂತ ತಿಳ್ಕೊಂತೀನಿ. ನೀವು ಹೋಗಿ ಬರ್ರಿ.”

ಗುರುಸಿದ್ದಪ್ಪನವರಿಗೆ ಒಂದೊಂದೇ ನೆನಪಾಯಿತು.

ಎಷ್ಟು ದೀಪಾವಳಿ, ಎಷ್ಟು ಯುಗಾದಿ ಆಕೆ ಒಬ್ಬರೇ ಮಾಡಿದ್ದರು... ಮಗಳು ಹುಟ್ಟಿದ ದಿನವೂ ಅವರು ಗುಂತಕಲ್ ದಾರಿಯಲ್ಲಿದ್ದರು.

ಒಂಟಿಯಾಗಿ ದುಡಿದವನು ತಾನೊಬ್ಬನೇ ಅಂದುಕೊಂಡಿದ್ದರು ಇಷ್ಟು ದಿನ!

ಆಕೆಯ ಪಕ್ಕದಲ್ಲೇ ನೆಲದ ಮೇಲೆ ಕೂತು ಕೇಳಿದರು... “ನಿನಗೇನು ನೋಡಬೇಕನಸ್ತದ, ಹೇಳು.”

ಈಗ ಗೊಂದಲ ಕಸ್ತೂರವ್ವನಿಗೆ! ಹೀಗೆ ಯಾರೂ ಆಕೆಯನ್ನು ಕೇಳಿರಲೇ ಇಲ್ಲ.

“ನನಗೇನ್ ಗೊತ್ತ್ರಿ...” ಅಂದರು. ಆಮೇಲೆ ಮೆಲ್ಲಗೆ...

“ಯಾವ ಊರಾದ್ರೂ ನಡೀತದ. ಒಂದ ಊರಾಗ ನಾಕ್ ದಿನ ಇರೂಣು. ಅಲ್ಲಿ ಕಾಯಿಪಲ್ಲೆ ಸಂತಿ ಹ್ಯಾಂಗಿರ್ತದ ನೋಡೂಣು. ಮತ್ತ... ಒಂದ್ ಸಲ ರೈಲಿನ್ಯಾಗ ನಿಮ್ಮ ಬಾಜೂಕ ಕುಂತು ಹೋಗಬೇಕ್ರಿ. ಅಷ್ಟ.”

ಮರುದಿನವೇ ಇಬ್ಬರೂ ಫೋಟೋ ತೆಗೆಸಿಕೊಂಡರು. ಸೀರೆಗೆ ಇಸ್ತ್ರಿ ಮಾಡಿದ್ದು ಗುರುಸಿದ್ದಪ್ಪನವರು!

ಎಂಟು ದೇಶಗಳಲ್ಲಿ ಏಳಕ್ಕೆ ಗೀಟು ಬಿತ್ತು. ಉಳಿದದ್ದು ಪೋರ್ಚುಗಲ್. ಅಲ್ಲಿನ ಪೋರ್ಟೊ ಎಂಬ ಊರು. ಖರ್ಚು ಕಡಿಮೆ, ಮತ್ತೆ ನದಿಯ ದಂಡೆಗುಂಟ ಹೋಗುವ ಒಂದು ಪ್ಯಾಸೆಂಜರ್ ರೈಲೂ ಇದೆ ಅಂದಿದ್ದಳು ರೇಷ್ಮಾ.

ವೀಸಾ ಬಂತು, ಇಬ್ಬರೂ ಹೊರಟರು. ಪೋರ್ಟೊದ ಮಾರ್ಕೆಟ್ಟಿನಲ್ಲಿ ಕಸ್ತೂರವ್ವ ಒಂದು ಅಂಗಡಿಯ ಮುಂದೆ ನಿಂತೇಬಿಟ್ಟರು. ಕೊತ್ತಂಬರಿ! ಕಟ್ಟು ಎತ್ತಿ ಮೂಸಿ ನೋಡಿದರು. ಅಂಗಡಿಯ ಮುದುಕಿ ತನ್ನ ಭಾಷೆಯಲ್ಲಿ ಏನೋ ಅಂದಳು, ಇವರು ಹುಬ್ಬಳ್ಳಿ ಕನ್ನಡದಲ್ಲಿ ಏನೋ ಅಂದರು. ಇಬ್ಬರೂ ಬಾಯ್ತುಂಬ ನಕ್ಕರು...

ಮಾರನೆಯ ದಿನ ಆ ರೈಲು ಹತ್ತಿದರು. ಕಿಟಕಿಯ ಪಕ್ಕ ಕಸ್ತೂರವ್ವ.

ಅರ್ಧ ತಾಸೂ ಆಗಿರಲಿಲ್ಲ... ಆಕೆಗೆ ಗಾಢ ನಿದ್ದೆ! ತಲೆ ಗಂಡನ ಹೆಗಲ ಮೇಲೆ ವಾಲಿತು.

ಹೊರಗೆ ಹಸಿರು ನದಿ, ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ...

ಎಬ್ಬಿಸಲೇ? ಬೇಡವೇ? ಗುರುಸಿದ್ದಪ್ಪನವರಿಗೆ ಮತ್ತೆ ಗೊಂದಲ. ಹೆಗಲು ಜೋಮು ಹಿಡಿದರೂ ಅಲುಗಾಡದೆ ಕೂತರು.

ಯಾವ ಸ್ಟೇಷನ್ ಬಂತು, ಯಾವುದು ಹೋಯಿತು, ಅವರಿಗೆ ಒಂದೂ ತಿಳಿಯಲಿಲ್ಲ. ಕಣ್ಣು ತುಂಬಿ ಎಲ್ಲ ಮಂಜುಮಂಜಾಗಿತ್ತು...

*ಪ್ರವಾಸದ ಪ್ಲ್ಯಾನ್ ಶುರುವಾಗಬೇಕಾದದ್ದು ಮ್ಯಾಪಿನಿಂದಲ್ಲ... ಜೊತೆಗೆ ಬರುವವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದರಿಂದ.*

ನಿಮ್ಮ ಮನೆಯಲ್ಲೂ “ನೀವು ಹೇಳಿದ ಹಾಗೆ” ಅನ್ನುವವರು ಒಬ್ಬರು ಇರಬಹುದು... ಅವರಿಗೆ ಏನು ಇಷ್ಟ ಅಂತ ನೀವು ಕೊನೆಯ ಸಲ ಕೇಳಿದ್ದು ಯಾವಾಗ?