ಹಡಗಿನ ಕೊನೆಯ ಸ್ಯೂಟ್

“ಸ್ಯೂಟ್ ಬೇಡ. ಎರಡು ಸಣ್ಣ ಕ್ಯಾಬಿನ್ ಸಾಕು,” ಎಂದು ಸರಳಾ ಮೂರನೆಯ ಸಲ ಹೇಳಿದಾಗ ಗೋಡೆ ಗಡಿಯಾರದಲ್ಲಿ ನಾಲ್ಕೂವರೆ. ಅಂಟಾರ್ಕ್ಟಿಕಾಕ್ಕೆ ಹೊರಡಲಿದ್ದ ಆ ಹಡಗಿನಲ್ಲಿ ಉಳಿದಿದ್ದುದು ಒಂದೇ ಸ್ಯೂಟ್. ಐದರೊಳಗೆ ಹೂಂ ಅನ್ನದಿದ್ದರೆ ಅದು ವಾಶಿಯ ಬೇರೊಂದು ಕುಟುಂಬದ ಪಾಲು. ಪಕ್ಕದ ಕುರ್ಚಿಯಲ್ಲಿದ್ದ ಅನಂತರಾಮರು ಗಡಿಯಾರದ ಮುಳ್ಳನ್ನೇ ನೋಡತೊಡಗಿದರು.

ಠಾಣೆ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಆ ಟ್ರಾವೆಲ್ಸ್ ಅಂಗಡಿಯ ಒಡತಿ ಸೋನಾಲಿ ಕಾರ್ಕಳದ ಕಡೆಯವಳು, ವ್ಯಾಪಾರದಲ್ಲಿ ಪಳಗಿದ ಕೈ. ಕಂಪ್ಯೂಟರಿನ ಪರದೆಯನ್ನು ಇಬ್ಬರತ್ತ ತಿರುಗಿಸಿದಳು. “ಬಾಲ್ಕನಿ ಉಂಟು ಆಂಟಿ, ಸ್ನಾನಕ್ಕೆ ಟಬ್ ಉಂಟು, ಕರೆದರೆ ಓಡಿ ಬರ್ಲಿಕ್ಕೆ ಒಬ್ಬ ಬಟ್ಲರ್ ಉಂಟು. ಎರಡು ಸಿಂಗಲ್ ಕ್ಯಾಬಿನ್‌ಗೂ ಇದಕ್ಕೂ ರೇಟಲ್ಲಿ ದೊಡ್ಡ ಫರಕ್ ಇಲ್ಲ.”

ಸರಳಾ ಮೂವತ್ತು ವರ್ಷ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷಿಸಿ ಪಾಸು ಮಾಡುತ್ತಿದ್ದವರು. ಬಣ್ಣದ ಚಿತ್ರಗಳಿಗೆ ಮರುಳಾಗುವ ಜಾತಿಯಲ್ಲ. ದಡಕ್ಕೆ ಕರೆದೊಯ್ಯುವುದು ಎಲ್ಲರನ್ನೂ ಅದೇ ರಬ್ಬರ್ ದೋಣಿಯಲ್ಲಿ ತಾನೆ ಎಂದು ಕೇಳಿದರು. ಹೌದು ಎಂದಳು ಸೋನಾಲಿ. ಸ್ಯೂಟಿನವರಿಗೆ ಬೇರೆ ಪೆಂಗ್ವಿನ್ ತೋರಿಸುತ್ತಾರೆಯೇ? ಇಲ್ಲ, ಎಲ್ಲರಿಗೂ ಅದೇ ಪೆಂಗ್ವಿನ್. ಇಷ್ಟು ಪ್ರಾಮಾಣಿಕಳಾಗಿ ಈಕೆ ಅಂಗಡಿ ಹೇಗೆ ನಡೆಸುತ್ತಾಳೋ ಎಂದು ಅನಂತರಾಮರಿಗೆ ಸಿಟ್ಟೇ ಬಂತು.

“ಸಾಲದ್ದಕ್ಕೆ ಇವರ ಗೊರಕೆ ಬೇರೆ,” ಎಂದರು ಸರಳಾ. “ಪಂಢರಪುರಕ್ಕೆ ಹೋದಾಗ ಇಡೀ ಬಸ್ಸು ಎದ್ದು ಕೂತಿತ್ತು.”

ಅನಂತರಾಮರು ಮುಖ ಒರೆಸಿಕೊಂಡರು. ಆರು ವರ್ಷದಿಂದ ಒಂಟಿಯಾಗಿ ಮಲಗುವ ಮನುಷ್ಯನಿಗೆ, ನಿನ್ನ ಗೊರಕೆ ಈಗ ಕಡಿಮೆಯಾಗಿದೆ ಎಂದು ಸಾಕ್ಷಿ ನುಡಿಯುವವರು ಎಲ್ಲಿಂದ ಬರಬೇಕು?

ನಿಜ ಹೇಳಬೇಕೆಂದರೆ ಟಬ್ಬು ಅವರಿಗೆ ಬೇಕಿರಲಿಲ್ಲ. ಇಳಿದರೆ ಮೇಲೇಳಲು ಮಂಡಿ ಒಪ್ಪಬೇಕಲ್ಲ. ಬಟ್ಲರನ ವಿಷಯವಂತೂ ಕೇಳುವುದೇ ಬೇಡ. ಹೋಟೆಲಿನಲ್ಲಿ ಎರಡನೇ ಸಲ ಚಟ್ನಿ ಕೇಳುವುದಕ್ಕೂ ಸಂಕೋಚಪಡುವ ಪ್ರಾಣಿ ಅದು. ಬೇಕಿದ್ದುದು ಇಷ್ಟೇ: ಬೆಳಗ್ಗೆ ಪರದೆ ಸರಿಸಿದಾಗ ಮೊದಲ ಹಿಮದ ಗುಡ್ಡ ಕಾಣಬೇಕು, ಆ ಕ್ಷಣ ಸರಳಾ ಪಕ್ಕದಲ್ಲೇ ಇರಬೇಕು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅದಕ್ಕೇ ಟಬ್ಬು, ಬಾಲ್ಕನಿ ಎಂದು ಸುತ್ತಿ ಬಳಸಿ ಮಾತಾಡುತ್ತಿದ್ದರು.

ಇಪ್ಪತ್ತೆರಡು ವರ್ಷ ಡೊಂಬಿವಲಿಯಿಂದ ಇಬ್ಬರೂ ಹತ್ತಿದ್ದು ಒಂದೇ ಲೋಕಲ್ ರೈಲು. ಸರಳಾ ಲೇಡೀಸ್ ಫಸ್ಟ್ ಕ್ಲಾಸಿಗೆ, ಇವರು ಅದಕ್ಕೆ ಅಂಟಿಕೊಂಡ ಡಬ್ಬಿಗೆ, ನಡುವೆ ಕಬ್ಬಿಣದ ಜಾಲರಿ. ಕನ್ನಡ ಪೇಪರಿನ ಪುಟಗಳು, ಮಕ್ಕಳ ಪರೀಕ್ಷೆಯ ಸುದ್ದಿ, ಬೆಲೆ ಏರಿಕೆಯ ಬೈಗುಳ ಎಲ್ಲವೂ ಆ ಜಾಲರಿಯ ಸಂದಿಯಲ್ಲೇ ದಾಟಿದವು. ಇವತ್ತು ಬರುವಾಗಲೂ ಹಾಗೇ ಬಂದಿದ್ದರು. ಈಗ ಭೂಮಿಯ ತುದಿಗೆ ಹೋಗುವಾಗಲೂ ನಡುವೆ ಗೋಡೆಯೆಂದರೆ ಅನಂತರಾಮರ ಜೀವಕ್ಕೆ ತಡೆಯದಾಯಿತು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಮಗ ಸುಮುಖ. ದೇವಸ್ಥಾನದಲ್ಲಿದ್ದೇನೆ ಎಂದು ಪಿಸುಗುಟ್ಟಿ ಇಟ್ಟರು. ಎರಡೇ ನಿಮಿಷಕ್ಕೆ ಸರಳಾ ಅವರ ಫೋನು, ಇಂಚರ. “ಮಮ್ಮಿ, ಕಿಧರ್ ಹೋ?” ಎಂಬ ದನಿ ಮೇಜಿನಾಚೆಗೂ ಕೇಳಿಸಿತು. ಕಣ್ಣಿನ ಡಾಕ್ಟರ ಹತ್ತಿರ ಎಂದರು ಸರಳಾ, ರೆಪ್ಪೆ ಕೂಡ ಅಲುಗಿಸದೆ.

ಸೋನಾಲಿಗೆ ನಗು ತಡೆಯಲಿಲ್ಲ. ಒಬ್ಬರು ದೇವರ ಹತ್ತಿರ, ಒಬ್ಬರು ಡಾಕ್ಟರ ಹತ್ತಿರ ಅಂದರೆ ಮಕ್ಕಳ ಕೈಗೆ ಸಿಕ್ಕಿಬೀಳುತ್ತೀರಿ ಎಂದು ಛೇಡಿಸಿದಳು. ಇಬ್ಬರೂ ಮೇಜಿನ ಮೇಲಿನ ಆಟಿಕೆ ಹಡಗನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಐದಕ್ಕೆ ಏಳು ನಿಮಿಷ. ಈಗ ಅಂಗಡಿಯ ಫೋನು. ವಾಶಿಯವರು. ಸೋನಾಲಿ ರಿಸೀವರಿನ ಮೇಲೆ ಕೈಯಿಟ್ಟು ಹುಬ್ಬು ಎತ್ತಿದಳು. ಅನಂತರಾಮರು ಎದ್ದು ನಿಂತೇಬಿಟ್ಟರು. ಕಿವಿಯವರೆಗೂ ಕೆಂಪೇರಿತ್ತು.

“ಪೆಂಗ್ವಿನ್ ಎಲ್ಲರಿಗೂ ಒಂದೇ ಇರಬಹುದು,” ಎಂದರು. “ಅದನ್ನ ನೋಡಿದ ಖುಷೀನ ಹೇಳ್ಕೊಳ್ಳೋಕೆ ಪಕ್ಕದ ರೂಮಿನ ಬಾಗಿಲು ತಟ್ಟೋದು ನನಗೆ ಬೇಡ. ಅಷ್ಟೇ.”

ಸೋನಾಲಿ ಫೋನಿನಲ್ಲಿದ್ದವರನ್ನು ಮರೆತೇಬಿಟ್ಟಳು. ತನ್ನ ಗಂಡ ಹದಿನೆಂಟು ವರ್ಷದಲ್ಲಿ ಇಂಥದ್ದೊಂದು ಮಾತಾಡಿದ್ದಿಲ್ಲ ಎಂಬ ಹೊಟ್ಟೆಕಿಚ್ಚು ಅವಳ ಮುಖದ ಮೇಲೇ ಇತ್ತು. ಸರಳಾ ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಹಡಗು ಹೊರಡುವ ತಾರೀಖು ಕೇಳಿದರು.

“ನವೆಂಬರ್ ಇಪ್ಪತ್ತು, ಆಂಟಿ.”

ಗಣಪತಿ ವಿಸರ್ಜನೆ ಮುಗಿದು ಇನ್ನೂ ವಾರವಾಗಿರಲಿಲ್ಲ. ಸರಳಾ ಬೆರಳು ಮಡಚಿ ಏನನ್ನೋ ಎಣಿಸಿದರು. ತಲೆಯಾಡಿಸಿದರು.

“ಸ್ಯೂಟೇ ಬರೀಮ್ಮ.”

ಅನಂತರಾಮರಿಗೆ ನೆಲವೇ ಹಡಗಿನ ಹಾಗೆ ತೂಗಿತು. ಆಟಿಕೆ ಹಡಗನ್ನು ಎತ್ತಿ ಮುದ್ದಿಡಬೇಕೆನಿಸಿತು. ಮರ್ಯಾದೆಗೆ ಅಂಜಿ ಸುಮ್ಮನೆ ಕೂತರು. ಸೋನಾಲಿ ವಾಶಿಯವರಿಗೆ ಸಾರಿ ಹೇಳಿ, ಪಾಸ್‌ಪೋರ್ಟುಗಳನ್ನು ಕೈಗೆತ್ತಿಕೊಂಡಳು.

“ನಾಳೆ ಹತ್ತಕ್ಕೆ ಆಧಾರ್ ಕಾರ್ಡು, ಎರಡು ಫೋಟೋ ತಗೊಂಡು ರಿಜಿಸ್ಟ್ರಾರ್ ಆಫೀಸಿಗೆ ಬಂದುಬಿಡಿ,” ಎಂದರು ಸರಳಾ, ಅನಂತರಾಮರತ್ತ ತಿರುಗಿ. “ಮದುವೆಗೆ ಒಂದು ತಿಂಗಳು ಮುಂಚೆ ನೋಟಿಸ್ ಕೊಡಬೇಕು, ಹೋದ ವಾರವೇ ವಿಚಾರಿಸಿದ್ದೀನಿ.”