ತುಮಕೂರಿಗೆ ಹೋದ ಭಜ್ಜಿ

"ಯಾರದೋ ಮನೀ ಕಾಳು ಹಾಳ ಮಾಡಿ ಕುಂತೀದಿ. ಇನ್ನ ಮ್ಯಾಲ ನಿಂದು ಬರಿಯೂದು ಬಂದ್" ಎಂದು ಮಗಳಿಗೆ ಹೇಳಿದ ದ್ರೌಪತಿ, ಎರಡು ಸೇರು ತೊಗರಿಬೇಳೆಯನ್ನು ಚೀಲಕ್ಕೆ ಸುರಿದುಕೊಂಡು ದುಬಲಗುಂಡಿಯಲ್ಲಿ ಹುಮನಾಬಾದಿನ ಬಸ್ಸು ಹತ್ತಿದಳು. ಹಾಳಾದ ಕಾಳಿಗೆ ಬದಲಾಗಿ ಆ ಬೇಳೆ ತುಮಕೂರಿಗೆ ಹೋಗಬೇಕಿತ್ತು. ಹೇಗೆ ಹೋಗುತ್ತದೆ ಎಂಬುದು ಆಕೆಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಮಗಳು ಆಮ್ರಪಾಲಿ ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಆದದ್ದು ಇಷ್ಟು. ಕನ್ನಡ ಟೀಚರ್ ವಿದ್ಯಾವತಿ ತಮ್ಮ ಒಂಬತ್ತನೇ ಇಯತ್ತೆಯ ಮಕ್ಕಳ ಹೆಸರಿನಲ್ಲಿ ಒಂದು ಬ್ಲಾಗ್ ತೆರೆದಿದ್ದರು. ಮಕ್ಕಳು ಮನೆಯ, ಹೊಲದ ಸಂಗತಿ ಬರೆಯುವುದು, ಶನಿವಾರ ಶಾಲೆ ಬಿಟ್ಟ ಮೇಲೆ ಸರದಿಯಂತೆ ಒಬ್ಬರು ಟೀಚರ್ ಜೊತೆ ಹುಮನಾಬಾದಿಗೆ ಬಂದು ಗಯಾಸುದ್ದೀನನ ಇಂಟರ್ನೆಟ್ ಅಂಗಡಿಯಲ್ಲಿ ಅದನ್ನು ಟೈಪ್ ಮಾಡುವುದು. 2008ರಲ್ಲಿ ಅವರಿಗೆ ಅದು ಹಬ್ಬದಷ್ಟೇ ಸಡಗರ. ಓದಿದವರು ಕೆಳಗೆ ಪ್ರಶ್ನೆ ಹಾಕುತ್ತಿದ್ದರು. ಕುಂದಾಪುರದ ಯಾರೋ ಸಜ್ಜೆ ಹೇಗಿರುತ್ತದೆ ಎಂದು ಕೇಳಿದ್ದೇ ತಡ, ಇಡೀ ತರಗತಿ ತೆನೆ ಹಿಡಿದುಕೊಂಡು ಬಂದು ಅದರ ಮೇಲೆ ಬರೆದಿತ್ತು. ಪರೀಕ್ಷೆಯಲ್ಲಿ ನಾಲ್ಕು ಸಾಲು ಬರೆಯಲು ತಿಣುಕುತ್ತಿದ್ದ ಆಮ್ರಪಾಲಿ ಈಗ ಪುಟಗಟ್ಟಲೆ ಬರೆಯುತ್ತಿದ್ದಳು. ಎಲ್ಲೋ ಕುಳಿತವರು ತನ್ನ ಮಾತಿಗೆ ಕಾಯುತ್ತಾರೆ ಎಂಬುದೇ ಅವಳಿಗೆ ಖುಷಿ.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ ಅವಳು ಅವ್ವ ಮಾಡುವ ಭಜ್ಜಿಯ ಬಗ್ಗೆ ಬರೆದಳು. ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ, ಹಬ್ಬಕ್ಕೆ ಕಾಳು, ಸೊಪ್ಪು ಕೂಡಿಸಿ ಬೇಯಿಸುವ ಪಲ್ಯ. ತೊಗರಿ, ಅವರೆ, ಹಸಿಗಡಲೆಯ ಕಾಳು, ಹೊಲದಲ್ಲಿ ಸಿಕ್ಕ ಸೊಪ್ಪು, ಕಡಲೆಹಿಟ್ಟು, ಹುಣಸೆಹುಳಿ, ಎಲ್ಲವನ್ನೂ ಅಳತೆ ಸಮೇತ. ತುಮಕೂರಿನ ವತ್ಸಲಾ ಎಂಬಾಕೆ ಅದನ್ನು ಓದಿ ಚಾಚೂ ತಪ್ಪದೆ ಮಾಡಿದಳು. ಹಿಂದಿನ ಶನಿವಾರ ಪರದೆಯ ಮೇಲೆ ಆಕೆಯ ಮಾತು ಬಂತು: "ನೀನು ಬರೆದ ಹಾಗೇ ಮಾಡಿದೆ, ಪುಟ್ಟಾ. ಮನೇಲಿರೋದು ನಾವಿಬ್ಬರೇ. ಪಾತ್ರೆಗಳೆಲ್ಲ ತುಂಬಿ ಈಗ ಬಕೆಟ್ಟಿಗೂ ಸುರಿದಿದ್ದೀನಿ. ಏನು ಮಾಡಲಿ?" ಉತ್ತರ ಬರೆಯುವಷ್ಟರಲ್ಲಿ ಕರೆಂಟು ಹೋಯಿತು.

ಅಳತೆಯೇನೋ ಸರಿಯಾಗಿಯೇ ಇತ್ತು, ಆದರೆ ಅದು ಓಣಿಯ ಅಳತೆ. ದ್ರೌಪತಿ ಭಜ್ಜಿಗೆ ಒಲೆ ಹೊತ್ತಿಸಿದಳೆಂದರೆ ಓಣಿಯವರೆಲ್ಲ ತಂತಮ್ಮ ಕಾಳು ತಂದು ಅದೇ ಪಾತೇಲಿಗೆ ಸುರಿಯುತ್ತಾರೆ. ಬೆಂದ ಮೇಲೆ ಹೊತ್ತುಕೊಂಡು ಹೊಲಕ್ಕೆ ಹೋಗಿ, ದಾರಿಯಲ್ಲಿ ಹೋಗುವವರನ್ನೂ ಕೂಗಿ ಕೂಡಿಸಿಕೊಂಡು ಉಣ್ಣುತ್ತಾರೆ. ಹೀಗಾಗಿ ಎಷ್ಟು ಮಂದಿಗೆ ಎಂದು ಬರೆಯಬೇಕೆಂಬುದು ಆಮ್ರಪಾಲಿಗೆ ಹೊಳೆದೇ ಇರಲಿಲ್ಲ. ಆದರೆ ದ್ರೌಪತಿ ಬಿಸಿಲಲ್ಲಿ ತೊಗರಿ ರಾಶಿ ಮಾಡಿದವಳು. ಯಾರ ಮನೆಯದೇ ಆಗಲಿ, ಬೇಯಿಸಿದ ಕಾಳು ತಿಪ್ಪೆಗೆ ಹೋಯಿತೆಂದರೆ ಆಕೆಯ ಹೊಟ್ಟೆ ಉರಿಯುತ್ತದೆ. ಹುಡುಗಿ ಈಗಷ್ಟೇ ಬರವಣಿಗೆ ಹಿಡಿದಿದ್ದಾಳೆ, ನಿಲ್ಲಿಸಬೇಡಿ ಎಂದು ವಿದ್ಯಾವತಿ ಟೀಚರ್ ಮನೆಗೇ ಬಂದು ಕೇಳಿಕೊಂಡರೂ ಆಕೆ ಜಗ್ಗಲಿಲ್ಲ.

ಅಂಗಡಿಯಲ್ಲಿ ಟೀಚರ್ ಮೊದಲೇ ಬಂದು ಕುಳಿತಿದ್ದರು. ಗಯಾಸುದ್ದೀನ ಕುರ್ಚಿ ಎಳೆದು ಹಾಕಿದ. ಚೀಲ ಯಾಕೆ ಬಂದಿದೆ ಎಂದು ತಿಳಿದಾಗ ನಗು ತಡೆದುಕೊಂಡು, "ಅಕ್ಕಾ, ಇದರಾಗ ಬ್ಯಾಳಿ ಹೋಗಂಗಿಲ್ರಿ. ಮಾತಷ್ಟ ಹೋಗ್ತಾವ" ಎಂದ.

"ಹಂಗಾದ್ರ ತಪ್ಪಾಯ್ತು ಅಂತ ಕಳಸ್ರಿ. ಆಮ್ಯಾಲ ಇದನ್ನ ಮುಚ್ಚಿಬಿಡ್ರಿ."

ಆಮ್ರಪಾಲಿಯ ಕಣ್ಣು ತುಂಬಿ ಬಂತು. ಪುಟ ತನ್ನ ಪಾಡಿಗೆ ತಾನು ನಿಧಾನವಾಗಿ ತೆರೆದುಕೊಂಡಿತು. ಬಕೆಟ್ಟಿನ ಮಾತಿನ ಕೆಳಗೆ ವತ್ಸಲಾ ಇನ್ನೂ ಏನೋ ಉದ್ದಕ್ಕೆ ಬರೆದಿದ್ದಳು. ಓದು ಎಂದರು ಟೀಚರ್. ಆಮ್ರಪಾಲಿ ಗಂಟಲಲ್ಲೇ ಓದತೊಡಗಿದಳು, ಬರಬರುತ್ತ ದನಿ ಎತ್ತರಿಸಿದಳು.

ಎಸೆಯಲು ಮನಸ್ಸಾಗದೆ ವತ್ಸಲಾ ಬಟ್ಟಲು ಹಿಡಿದು ಮೇಲಿನ ಮನೆ, ಕೆಳಗಿನ ಮನೆಗಳ ಬಾಗಿಲು ತಟ್ಟಿದ್ದಳಂತೆ. ಆ ಕಟ್ಟಡಕ್ಕೆ ಬಂದು ಎರಡು ವರ್ಷವಾಗಿದ್ದರೂ ಯಾರ ಹೆಸರೂ ಗೊತ್ತಿರಲಿಲ್ಲ. ಒಬ್ಬರು ಚಪಾತಿ ತಂದರು, ಇನ್ನೊಬ್ಬರು ಮಜ್ಜಿಗೆ ತಂದರು, ಎಲ್ಲರೂ ತಾರಸಿಯ ಮೇಲೆ ಕುಳಿತು ಉಂಡರು. ನಲ್ಲಿ ನೀರಿನ ಜಗಳದಲ್ಲಿ ಮಾತು ಬಿಟ್ಟಿದ್ದ ಎದುರು ಮನೆಯಾಕೆ ಮರುದಿನ ಬಟ್ಟಲು ವಾಪಸು ಮಾಡುವಾಗ ಅದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಕೊಟ್ಟಳು. ಕೊನೆಗೆ ಹೀಗಿತ್ತು: "ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ಮುಂದಿನ ಸಲ ನಮ್ಮಿಬ್ಬರಿಗೇ ಆಗೋಷ್ಟು ಅಳತೆ ಕೇಳಿ ಬರಿ."

ಉಪ್ಪಿನಕಾಯಿಯದನ್ನು ಇನ್ನೊಮ್ಮೆ ಓದಿಸಿದಳು ದ್ರೌಪತಿ.

"ಒಂದು ಕಾಳೂ ಹಾಳಾಗಲಿಲ್ಲೇನು?"

"ಇಲ್ಲವ್ವಾ."

ದ್ರೌಪತಿಯ ಜೀವ ತಣ್ಣಗಾಯಿತು. ಬೇಳೆಯ ಚೀಲವನ್ನು ಕಾಲಿನಿಂದ ಕುರ್ಚಿಯ ಕೆಳಗೆ ಸರಿಸಿದಳು. ಹಾಗಾದರೆ ಮುಚ್ಚಿಬಿಡೋಣವೇ ಎಂದು ಟೀಚರ್ ಬೇಕೆಂದೇ ಕೇಳಿದರು. ಆಕೆ ಕೇಳಿಸದವಳಂತೆ ಮಗಳ ಕಡೆ ತಿರುಗಿ, "ಬರಿ" ಎಂದಳು.

ಆಮ್ರಪಾಲಿ ಕಣ್ಣೊರೆಸಿಕೊಂಡು ಕೀಲಿಮಣೆಯ ಮೇಲೆ ಬೆರಳಿಟ್ಟಳು. ಇಬ್ಬರಿಗೆ ಎಷ್ಟೆಂದು ಬರೆಯಬೇಕು ಎಂದು ಕೇಳಿದಳು. ದ್ರೌಪತಿ ಬೆರಳು ಮಡಚಿ ಲೆಕ್ಕ ಹಾಕಿದಳು, ತಲೆ ಕೆರೆದುಕೊಂಡಳು, ಮತ್ತೆ ಮಡಚಿದಳು, ಕೊನೆಗೆ ಬಿಟ್ಟುಬಿಟ್ಟಳು.

"ಇಬ್ಬರಿಗೆ ಭಜ್ಜಿ ಮಾಡೂದು ನನಗ ಬರಂಗಿಲ್ಲ. ಅಳತಿ ಅಷ್ಟೇ ಇರ್ಲಿ, ಮಂದೀನ ಕರೀರಿ ಅಂತ ಬರಿ."