ವಾಪಸ್ ಬಂದ ನಕಲು

"ತಗೋ, ಇವತ್ತೂ ವಾಪಸ್ ಬಂತು," ಎಂದು ಪಂಕಜಾಕ್ಷಮ್ಮ ಹಾಳೆಯನ್ನು ಜೆರಾಕ್ಸ್ ಮಷೀನಿನ ಮೇಲೆ ಕುಕ್ಕಿದರು. "ಏನಪ್ಪಾ ಮಲ್ಲಿಕಾರ್ಜುನ, ರಿಪೇರಿ ಮಾಡ್ತೀಯೋ, ನನ್ನ ಅಂಗಡಿ ಬಾಗಿಲು ಮುಚ್ಚಿಸ್ತೀಯೋ?"

ಮಲ್ಲಿಕಾರ್ಜುನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಅಕ್ಷರ ಕಪ್ಪಗೆ, ಕಾಗದ ಬೆಳ್ಳಗೆ. ಅಡಿಕೋಲಿಟ್ಟು ಅಳೆದ. ಸಾಲುಗಳು ಅಂಚಿಗೆ ಸರಿಸಮ. ಅವನಿಗೆ ಮೈಯೆಲ್ಲ ಉರಿಯಿತು. ಇದಕ್ಕಿಂತ ಒಳ್ಳೆಯ ನಕಲನ್ನು ಯಾವ ಮಹಾರಾಯ ತೆಗೆದುಕೊಟ್ಟಾನು?

ಉರಿದು ಏನು ಬಂತು! ಶಿವಮೊಗ್ಗದ ಮಷೀನು ರಿಪೇರಿ ಕಂಪನಿಯಲ್ಲಿ ಅವನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಒಂದೇ ಅಂಗಡಿಯಿಂದ ಮೂರು ದೂರು ಬಂದರೆ ಮನೆಗೆ ಹೋಗಬಹುದು ಎಂದು ಮ್ಯಾನೇಜರು ಮೊದಲೇ ಹೇಳಿದ್ದ. ತರೀಕೆರೆಯ ಈ ಅಂಗಡಿಯಿಂದ ಆಗಲೇ ಎರಡು ಬಂದಿದ್ದವು. ಎರಡರಲ್ಲೂ ಒಂದೇ ಮಾತು: ನಕಲನ್ನು ಎದುರಿನ ತಾಲ್ಲೂಕು ಕಚೇರಿಯವರು ಒಪ್ಪುತ್ತಿಲ್ಲ. ಮೂರನೆಯದನ್ನು ಪಂಕಜಾಕ್ಷಮ್ಮ ಬರೆದು ಟೇಬಲ್ಲಿನ ಮೇಲೆ ಇಟ್ಟುಕೊಂಡಿದ್ದರು, ಅಂಚೆಗೆ ಹಾಕುವುದೊಂದು ಬಾಕಿ.

ಎರಡು ತಿಂಗಳ ಹಿಂದೆ ಅವನು ಮೊದಲ ಸರ್ವಿಸಿಗೆ ಬಂದಾಗ ಮಷೀನು ನೋಡುವ ಹಾಗಿರಲಿಲ್ಲ. ಕಾಗದ ಓರೆಯಾಗಿ ಹೋಗುತ್ತಿತ್ತು, ಮಸಿಪುಡಿ ಹೆಚ್ಚಾಗಿ ಎಡಗಡೆ ಬೂದು ಪಟ್ಟೆ ಬೀಳುತ್ತಿತ್ತು. ಇಡೀ ದಿನ ಕೂತು ಸರಿಮಾಡಿದ್ದ. ಪಂಕಜಾಕ್ಷಮ್ಮ ಖುಷಿಯಾಗಿ ಮಂಡಕ್ಕಿ ಉಸಲಿ, ಕಾಫಿ ಕೊಟ್ಟಿದ್ದರು. ವಾರ ಕಳೆಯುವುದರಲ್ಲಿ ದೂರು ಶುರು.

"ಆ ಗುಮಾಸ್ತ ಜಯದೇವಪ್ಪಂಗೆ ಏನಾದ್ರೂ ಕೈ ಬಿಸಿ ಮಾಡಬೇಕಾ ಅಮ್ಮಾ?"

"ಕಾಫಿನೂ ಮುಟ್ಟಲ್ಲ ಆ ಮನುಷ್ಯ," ಎಂದ ಪಂಕಜಾಕ್ಷಮ್ಮ ದನಿ ತಗ್ಗಿಸಿದರು. "ಆದ್ರೆ ಅವನ ಷಡ್ಡಕ ಬಸವರಾಜಪ್ಪ ಕಡೂರಲ್ಲಿ ಹೊಸ ಮಷೀನು ಇಟ್ಟಿದಾನೆ. ಗೊತ್ತಾಯ್ತಲ್ಲ?"

ಗೊತ್ತಾಗದೆ ಏನು! ಮಲ್ಲಿಕಾರ್ಜುನ ಹಲ್ಲು ಕಡಿದ. ಆದರೂ ತನ್ನ ಕಡೆ ಲೋಪ ಇರಬಾರದು ಎಂದು ತೋಳು ಮಡಿಸಿ ಕೂತ. ಡ್ರಮ್ಮು ಒರೆಸಿದ, ಗಾಜು ತೊಳೆದ, ಕಾಗದ ಹಿಡಿಯುವ ರೋಲರು ಬಿಚ್ಚಿ ಜೋಡಿಸಿದ. ಕಪ್ಪು, ಬೂದು, ಬಿಳಿ ಚೌಕಗಳ ಪರೀಕ್ಷೆಯ ಹಾಳೆ ಇಟ್ಟು ಹತ್ತು ನಕಲು ತೆಗೆದ. ಅಸಲು ಯಾವುದು, ನಕಲು ಯಾವುದು ಎಂದು ಅವನಿಗೇ ಒಂದು ಗಳಿಗೆ ಗಲಿಬಿಲಿಯಾಯಿತು.

ಮೆಟ್ಟಿಲ ಮೇಲೆ ಕೂತಿದ್ದ ಹುಚ್ಚಮ್ಮ ಎದ್ದು ಬಂದಳು. ವಿಧವಾ ವೇತನದ ಅರ್ಜಿಗೆ ಗಂಡನ ಮರಣ ಪ್ರಮಾಣಪತ್ರದ ನಕಲು ಬೇಕೆಂದು ಲಕ್ಕವಳ್ಳಿಯಿಂದ ಇದು ಅವಳ ಮೂರನೆಯ ಓಡಾಟ. "ನನ್ ಗಂಡ ಸತ್ತಿದ್ದು ಒಂದೇ ಸಲ ಕಣಪ್ಪಾ. ಈ ಕಚೇರೀಲಿ ದಿನಾ ಸಾಯಿಸ್ತಾವ್ರೆ."

"ಬಾ ಅಜ್ಜಿ, ನಾನೇ ಬರ್ತೀನಿ. ಇವತ್ತು ಇತ್ಯರ್ಥ ಆಗಿಬಿಡಲಿ."

ಜಯದೇವಪ್ಪ ಹಣೆಯ ತುಂಬ ವಿಭೂತಿ ಹಚ್ಚಿದ, ಮಾತು ಕಮ್ಮಿಯ ಮನುಷ್ಯ. ಹೊಸ ನಕಲನ್ನು ಕನ್ನಡಕದ ಹತ್ತಿರ ಹಿಡಿದ, ದೂರ ಹಿಡಿದ, ತಲೆ ಆಡಿಸಿದ.

"ಇದು ಆಗಲ್ಲ ಅಜ್ಜಿ. ಸರಿಯಾದ್ದು ಮಾಡಿಸ್ಕೊಂಡು ಬಾ."

"ಅಸಲು ಇಲ್ಲೇ ಇದೆಯಲ್ಲ ಸಾರ್! ಪಕ್ಕದಲ್ಲಿಟ್ಟು ನೋಡಿ," ಎಂದ ಮಲ್ಲಿಕಾರ್ಜುನ.

"ಅಸಲು ನೋಡೋದು ಸಾಹೇಬರ ಕೆಲಸ. ನಾನು ನಕಲು ನೋಡೋನು."

ಮಲ್ಲಿಕಾರ್ಜುನನಿಗೆ ತಡೆಯಲಾಗಲಿಲ್ಲ. "ನೇರವಾಗಿ ಹೇಳಿಬಿಡಿ ಸಾರ್. ಕಡೂರಲ್ಲಿ ನಿಮ್ಮ ಷಡ್ಡಕರ ಹತ್ರ ಮಾಡಿಸಿದ್ರೆ ಆಗುತ್ತಲ್ವಾ?"

ಜಯದೇವಪ್ಪನ ಮುಖ ಕೆಂಪಾಯಿತು. "ಯಾರು ಆ ಬಸವರಾಜಪ್ಪನಾ? ಅಂಟಿಸಿದ್ದು, ತಿದ್ದಿದ್ದು, ಏನು ಕೊಟ್ರೂ ಕಣ್ಣು ಮುಚ್ಕೊಂಡು ನಕಲು ಹೊಡ್ಕೊಡ್ತಾನೆ ಕಣ್ರೀ! ಎರಡು ತಿಂಗಳಿಂದ ಈ ಊರಿನ ಜನ ಎಲ್ಲಾ ಅಲ್ಲಿಗೇ ಹೋಗ್ತಿದಾರೆ. ನಾನು ಒಂದನ್ನೂ ಬಿಟ್ಟಿಲ್ಲ, ಎಲ್ಲಾ ವಾಪಸ್ ಕಳಿಸಿದೀನಿ."

"ಸಾರ್, ಇದು ಕಡೂರಿಂದಲ್ಲ. ಎದುರಿಗಿರೋ ಪಂಕಜಾಕ್ಷಮ್ಮನ ಅಂಗಡೀದು. ದೇವರಾಣೆ. ನೀವು ಒಪ್ಪದಿದ್ರೆ ನನ್ನ ಕೆಲಸ ಹೋಗುತ್ತೆ ಸಾರ್."

ಹುಡುಗನ ಕಣ್ಣಲ್ಲಿ ನೀರು ನೋಡಿ ಜಯದೇವಪ್ಪ ಸ್ವಲ್ಪ ಮೆತ್ತಗಾದ. ಅತ್ತಿತ್ತ ನೋಡಿ ಡ್ರಾಯರಿನಿಂದ ಹಳೆಯ ಹಾಳೆಯೊಂದನ್ನು ತೆಗೆದು, ಯಾರಿಗೂ ತೋರಿಸದ ಗುಟ್ಟನ್ನು ತೋರಿಸುವವನಂತೆ ಮೇಜಿನ ಮೇಲೆ ಬಿಡಿಸಿಟ್ಟ. ಸಾಲುಗಳೆಲ್ಲ ಬಲಕ್ಕೆ ವಾಲಿದ್ದವು. ಎಡಗಡೆ ಉದ್ದಕ್ಕೂ ಬೂದು ಪಟ್ಟೆ.

"ಸುಳ್ಳು ಯಾಕೆ ಹೇಳ್ತೀಯಪ್ಪಾ? ಆಯಮ್ಮ ಅಸಲು ನೋಡದೆ ನಕಲು ಹೊಡೆಯೋದಿಲ್ಲ, ಅದಕ್ಕೇ ಆ ಅಂಗಡೀದು ಮಾತ್ರ ನಂಬ್ತೀನಿ. ಅಂಗಡಿ ಸೀಲು ಯಾರು ಬೇಕಾದ್ರೂ ಕೆತ್ತಿಸ್ತಾರೆ. ಈ ಸೊಟ್ಟ, ಈ ಪಟ್ಟೆ ಯಾರು ತರ್ತಾರೆ? ಎರಡು ವರ್ಷದಿಂದ ಇದೇ ನನ್ನ ಗುರುತು."

ಅಂದು ಮಧ್ಯಾಹ್ನ ಮಲ್ಲಿಕಾರ್ಜುನ ಎರಡು ತಾಸು ಬೆವರು ಸುರಿಸಿ ಮಷೀನನ್ನು ಕೂದಲೆಳೆಯಷ್ಟೂ ತಪ್ಪದಂತೆ ಮೊದಲಿನಷ್ಟೇ ಕೆಡಿಸಿದ. ನಾಲ್ಕು ಗಂಟೆಗೆ ಹುಚ್ಚಮ್ಮನ ಅರ್ಜಿ ಪಾಸಾಯಿತು, ಮುಂದಿನ ತಿಂಗಳು ಅವನ ಕೆಲಸವೂ ಖಾಯಂ ಆಯಿತು.